ಎರಡು ತಿಂಗಳ ಹಿಂದೆ ಶುರು ಮಾಡಿದ ಅಕ್ವೇರಿಯಂನಲ್ಲಿರುವ ಸೀ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಬೆಳ್ಳಗಾಗಿ ಸೊರಗುತ್ತಿದೆ, ಏನು ಮಾಡಲಿ?

ಟ್ಯಾಂಕ್ ಶುರು ಮಾಡಿ ಎರಡೇ ತಿಂಗಳು ಅಂದಿದ್ದೀರಿ. ನನಗೆ ಮೊದಲ ಅನುಮಾನ ಅದರ ಮೇಲೆಯೇ. ಹೊಸ ಟ್ಯಾಂಕಿನ ನೀರು ಏರುಪೇರಾಗುತ್ತಲೇ ಇರುತ್ತದೆ, ಅನಿಮೋನ್‌ಗೆ ಅದು ಆಗಿಬರುವುದಿಲ್ಲ. ಆರು ತಿಂಗಳಾದರೂ ಕಾದು ತರುವುದು ಒಳ್ಳೆಯದಿತ್ತು. ಇರಲಿ, ಈಗ ತಂದಾಗಿದೆ ಅಲ್ವಾ?

ಬೆಳ್ಳಗಾಗುವುದು ಯಾಕೆಂದರೆ, ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅನಿಮೋನ್‌ಗೂ ಪಾಲು ಕೊಡುತ್ತದೆ. ಆ ಕಂದು ಬಣ್ಣವೂ ಪಾಚಿಯದ್ದೇ. ನೀರು ಜಾಸ್ತಿ ಬಿಸಿಯಾದರೆ ಅಥವಾ ಬೆಳಕು ಸಾಲದಿದ್ದರೆ ಪಾಚಿ ಹೊರಟುಹೋಗುತ್ತದೆ, ಅನಿಮೋನ್ ಉಪವಾಸ ಬೀಳುತ್ತದೆ. ಮೀನಿಗೆ ಸಾಕಾಗುವ ದೀಪ ಇದಕ್ಕೆ ಸಾಲದು. ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಟ್ಯಾಂಕಿನ, ಎಲ್‌ಇಡಿ ದೀಪ ಹಾಕಿ. ಆದರೆ ಒಂದೇ ದಿನ ಪೂರ್ತಿ ಬೆಳಕು ಬೇಡ, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ.

ನೀರು 25-26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ (ನೀರಿನಲ್ಲಿ ಉಪ್ಪೆಷ್ಟಿದೆ ಎಂದು ತಿಳಿಸುವ ಅಳತೆ) 1.025 ಆಸುಪಾಸು ಇರಲಿ. ಹೊಲಸಿನಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು. ವಾರಕ್ಕೆ ಒಂದೆರಡು ಸಲ ಉಗುರಿನಷ್ಟು ಸಿಗಡಿ ಚೂರು ಕೊಡಿ. ಉಗುಳಿದರೆ ಬಲವಂತ ಬೇಡ.

ಪಂಪಿನ ಬಾಯಿಗೆ ಸ್ಪಂಜು ಕಟ್ಟಿದ್ದೀರಾ? ಅನಿಮೋನ್ ಜಾಗ ಬದಲಿಸುತ್ತಾ ತೆವಳಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ತಾಮ್ರ ಇರುವ ಮೀನಿನ ಔಷಧಿ ಟ್ಯಾಂಕಿಗೆ ಹಾಕಲೇಬೇಡಿ.

ಆಗಾಗ ಮುದುಡಿಕೊಂಡರೆ ಹೆದರಬೇಡಿ, ಹೊಲಸು ಹೊರಹಾಕುವಾಗ ಹಾಗೆ ಮಾಡುತ್ತದೆ. ಬಾಯಿ ತೆರೆದೇ ಇದ್ದು, ಮೈ ಕರಗಿದಂತಾಗಿ ಕೆಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ತೆಗೆದುಬಿಡಿ. ಇಲ್ಲದಿದ್ದರೆ ನೀರು ಕೆಟ್ಟು ಮೀನುಗಳೂ ಸಾಯಬಹುದು.