ಇಬ್ಬರ ಬೋರ್‌ವೆಲ್, ಒಬ್ಬರ ಮೀಟರ್: ಕರೆಂಟಿನ ಖರ್ಚನ್ನು ಹಂಚಿಕೊಳ್ಳುವುದು ಹೇಗೆ?

ಎರಡು ಮನೆಗೂ ಒಂದೇ ಬೋರ್‌ವೆಲ್, 1 ಎಚ್‌ಪಿ ಮೋಟರ್ ನಿಮ್ಮ ಮೀಟರಿನಲ್ಲಿದೆ, ಪಕ್ಕದ ಮನೆಯವರು ತಿಂಗಳಿಗೆ 200 ರೂಪಾಯಿ ಕೊಡುತ್ತಿದ್ದಾರೆ, ಇದು ನ್ಯಾಯವೇ ಎಂದು ಕೇಳಿದ್ದೀರಿ. ನಮ್ಮದೂ ಪಾಲಿನ ಬೋರ್‌ವೆಲ್ಲೇ. ಅಂದಾಜಿನ ಮೊತ್ತ ಎಷ್ಟೇ ಇರಲಿ, ಕೊಡುವವರಿಗೆ ಹೆಚ್ಚೆನಿಸುತ್ತದೆ, ಪಡೆಯುವವರಿಗೆ ಕಡಿಮೆ ಎನಿಸುತ್ತದೆ. ಅದಕ್ಕೇ ಮೊದಲು ಅಳೆಯಿರಿ, ಆಮೇಲೆ ಮಾತನಾಡಿ.

1 ಎಚ್‌ಪಿ ಎಂದರೆ 746 ವ್ಯಾಟ್, ಹಾಗಾಗಿ ಗಂಟೆಗೆ ಮುಕ್ಕಾಲು ಯೂನಿಟ್ ಎಂದು ಬಹಳ ಜನ ಲೆಕ್ಕ ಹಾಕುತ್ತಾರೆ. ಅದು ಮೋಟರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು. ನಿಜ ಎಷ್ಟೆಂದು ನಿಮ್ಮ ಮೀಟರೇ ಹೇಳುತ್ತದೆ. ಮನೆಯ ಎಲ್ಲವನ್ನೂ ಆರಿಸಿ. ಫ್ರಿಜ್ಜನ್ನೂ, ಸದ್ದಿಲ್ಲದೆ ಚಾರ್ಜ್ ಆಗುತ್ತಿರುವ ಯುಪಿಎಸ್ಸನ್ನೂ ಮರೆಯಬೇಡಿ. ಮೋಟರ್ ಒಂದನ್ನೇ ಓಡಿಸಿ, ಮೀಟರಿನ ಕೆಂಪು ದೀಪ ಒಂದು ನಿಮಿಷಕ್ಕೆ ಎಷ್ಟು ಬಾರಿ ಮಿನುಗುತ್ತದೆ ಎಂದು ಎಣಿಸಿ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ಅನೇಕ ಸಿಂಗಲ್ ಫೇಸ್ ಮೀಟರುಗಳಲ್ಲಿ ಅದು 3200. ನಿಮಿಷಕ್ಕೆ 60 ಬಾರಿ ಮಿನುಗಿದರೆ ಗಂಟೆಗೆ 3600, ಅಂದರೆ 1.125 ಯೂನಿಟ್. ಎಣಿಸುವಾಗ ಪಕ್ಕದ ಮನೆಯವರನ್ನೂ ಕರೆದುಕೊಳ್ಳಿ. ಕಣ್ಣಾರೆ ಕಂಡ ಲೆಕ್ಕಕ್ಕೆ ತಕರಾರು ಕಡಿಮೆ.

ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ ಸುಮಾರು 50 ಯೂನಿಟ್ ಆಯಿತು. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ 350 ರೂಪಾಯಿ. ಅರ್ಧ ಪಾಲು 175. ಆ ಲೆಕ್ಕಕ್ಕೆ ಅವರು ಕೊಡುತ್ತಿರುವುದು ಕಡಿಮೆಯೇನಲ್ಲ.

ಆದರೆ ಕರ್ನಾಟಕದಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಇರುವುದರಿಂದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಮನೆಯ ಸ್ವಂತ ಬಳಕೆ 165, ನಿಮಗೆ ಉಚಿತವಾಗಿ ಸಿಗುವ ಅರ್ಹತೆ 185 ಯೂನಿಟ್ ಎನ್ನೋಣ. ಮೋಟರ್ ಇಲ್ಲದಿದ್ದರೆ ನಿಮ್ಮ ಬಿಲ್ ಸೊನ್ನೆ. ಮೋಟರಿನ 50 ಸೇರಿ 215 ಆದ ಕೂಡಲೇ ಒಂದೂವರೆ ಸಾವಿರ ರೂಪಾಯಿ ದಾಟುತ್ತದೆ, ನಿಗದಿತ ಶುಲ್ಕ ಬೇರೆ. ಹಾಗಾಗಿ ಹಂಚಬೇಕಾದದ್ದು ಮೋಟರ್ ತಿಂದ ಯೂನಿಟ್‌ಗಳ ಬೆಲೆಯನ್ನಲ್ಲ, ಮೋಟರ್ ಇದ್ದಾಗ ಮತ್ತು ಇಲ್ಲದಿದ್ದಾಗ ಬಿಲ್ಲಿನಲ್ಲಿ ಆಗುವ ವ್ಯತ್ಯಾಸವನ್ನು. ಅಷ್ಟನ್ನೂ ಅವರ ತಲೆಗೆ ಕಟ್ಟುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆ 215ರಲ್ಲಿ ನಿಮ್ಮ ಮನೆಯ ಬಳಕೆಯೇ ದೊಡ್ಡ ಭಾಗ. ಅರ್ಧರ್ಧ ಎನ್ನಿ, ಬಿಲ್ಲನ್ನು ಅವರ ಕೈಗೇ ಕೊಟ್ಟು ತೋರಿಸಿ. ಗಡಿಯ ಆಸುಪಾಸಿನಲ್ಲಿದ್ದರೆ ಟ್ಯಾಂಕ್ ತುಂಬಿದ ತಕ್ಷಣ ಮೋಟರ್ ನಿಲ್ಲಿಸುವ ಸಾಧನ ಹಾಕಿಸಿ. ತುಂಬಿ ಹರಿಯುವ ನೀರನ್ನು ತಡೆದರೆ ಎಷ್ಟೋ ಸಲ 200ರ ಮೇಲಿನ ಆ 15 ಯೂನಿಟ್ ಅಲ್ಲೇ ಉಳಿಯುತ್ತದೆ.

ಎರಡು ಟ್ಯಾಂಕಿಗೂ ಬೇರೆ ಬೇರೆ ಪೈಪು, ವಾಲ್ವ್ ಇದ್ದರೆ ಯಾರ ಸರದಿಯಲ್ಲಿ ಎಷ್ಟು ಹೊತ್ತು ಓಡಿತು ಎಂದು ಸ್ಟಾರ್ಟರ್ ಪಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡಿ, ಆ ಪ್ರಮಾಣದಲ್ಲಿ ಹಂಚಿ. ಸಂಪು ಒಂದೇ ಆಗಿದ್ದರೆ ಮನೆಯ ಜನರ ಸಂಖ್ಯೆಯ ಮೇಲೆ ಹಂಚುವುದು ಸರಿ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಅದೇ ಟ್ಯಾಂಕ್ ತುಂಬಲು ಹೆಚ್ಚು ಹೊತ್ತು ಬೇಕು. ವರ್ಷವಿಡೀ ಒಂದೇ ಮೊತ್ತ ಎಂಬ ಒಪ್ಪಂದ ಮಾರ್ಚ್, ಏಪ್ರಿಲ್‌ನಲ್ಲಿ ಮುರಿದು ಬೀಳುವುದು ಇದರಿಂದಲೇ. ಬರೆದಿಡುವುದು ಕಿರಿಕಿರಿ ಎನಿಸಿದರೆ ಮೋಟರಿನ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ, ಅದರ ಖರ್ಚನ್ನೂ ಇಬ್ಬರೂ ಹಾಕಿಕೊಳ್ಳಿ. ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ದೊಡ್ಡ ಖರ್ಚಲ್ಲ.

ರಿಪೇರಿಯ ಹಣವನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ಮೋಟರ್ ಸುಟ್ಟರೆ ಮೇಲೆತ್ತುವ ಕೂಲಿ, ರೀವೈಂಡಿಂಗ್, ಮತ್ತೆ ಇಳಿಸುವ ಕೂಲಿ ಎಲ್ಲ ಒಂದೇ ದಿನ ಬಂದು ನಿಲ್ಲುತ್ತವೆ. ಅದನ್ನು ಯಾರು ಎಷ್ಟು ಕೊಡಬೇಕು ಎಂಬುದನ್ನು ಮೋಟರ್ ಸರಿಯಾಗಿ ಓಡುತ್ತಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಡಿ.