ನಿಷ್ಕ್ರಿಯಗೊಳಿಸಿದ ಹಳೆಯ 25-ಪೌಂಡರ್ ಫಿರಂಗಿಯ ನಳಿಗೆಯನ್ನು ಮೇಲೆ-ಕೆಳಗೆ, ಪಕ್ಕಕ್ಕೆ ತಿರುಗಿಸುವ ಕೈಚಕ್ರಗಳು ಜಾಮ್ ಆಗಿವೆ. ಸರಿ ಮಾಡೋದು ಹೇಗೆ?

ತುಕ್ಕಿಗಿಂತ ಬಣ್ಣದ ಮೇಲೇ ನನಗೆ ಅನುಮಾನ ಜಾಸ್ತಿ. ನಮ್ಮ ಧಾರವಾಡದ ಕಡೆ ಆಗಸ್ಟ್ 15 ಬಂತೆಂದರೆ ಇಂಥವಕ್ಕೆ ಹಳೆಯದರ ಮೇಲೇ ಹೊಸ ಪೇಂಟ್ ಬಳಿಯುತ್ತಾರೆ, ಅಲ್ವಾ? ಗ್ರೀಸ್ ತುಂಬುವ ಸಣ್ಣ ಮೂತಿಗಳಾದ ಗ್ರೀಸ್ ನಿಪ್ಪಲ್‌ಗಳ ಬಾಯಿ ಮುಚ್ಚಿಹೋಗುತ್ತದೆ. ಮೊದಲು ಅದನ್ನು ಕೆರೆದು ಬಿಡಿಸಿ. ಸಂದುಗಳಿಗೆ ಡೀಸೆಲ್ ಬೆರೆಸಿದ ಇಂಜಿನ್ ಆಯಿಲ್ ದಿನಾ ಬಿಡಿ. ಕೈಚಕ್ರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಅಲುಗಿಸುತ್ತಿರಿ. ಪೈಪ್ ಸಿಕ್ಕಿಸಿ ಎಳೆಯಬೇಡಿ. ಒಳಗಿನ ಗೇರಿನ ಹಲ್ಲು ಮುರಿದರೆ ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪ್‌ಗಳಿಗೆ ಅಲೆದು ಹೊಸ ಗೇರ್ ಮಾಡಿಸಬೇಕಾಗುತ್ತದೆ.

ಜಾಮ್ ಬಿಟ್ಟ ಮೇಲೆ ನಳಿಗೆ ಪಕ್ಕಕ್ಕೆ ಸ್ವಲ್ಪವೇ ಹೊರಳಿ ನಿಂತರೆ ಗಾಬರಿ ಬೇಡ. ಗಾಡಿಯ ಮೇಲೆ ಇದು ಎಡಕ್ಕೆ 4, ಬಲಕ್ಕೆ 4 ಡಿಗ್ರಿ ಅಷ್ಟೇ ತಿರುಗುವುದು.

ನಳಿಗೆ ಕೆಳಗಿನ ರಿಕಾಯಿಲ್ ಸಿಲಿಂಡರ್ (ಹಾರಿಸಿದಾಗ ಹಿಂದಕ್ಕೆ ಬರುವ ಹೊಡೆತ ತಡೆಯುವ ಭಾಗ) ಮಾತ್ರ ಬಿಚ್ಚಬೇಡಿ, ಒಳಗೆ ಗಾಳಿಯ ಒತ್ತಡ ಉಳಿದಿರಬಹುದು. ನಿಷ್ಕ್ರಿಯಗೊಳಿಸಲು ಹಾಕಿದ ವೆಲ್ಡಿಂಗನ್ನೂ ಮುಟ್ಟಬೇಡಿ. ಸುಮ್ನೆ ಪೊಲೀಸ್ ಸ್ಟೇಷನ್ ಹತ್ತಬೇಕಾದೀತು.