ಹತ್ತುವಾಗ ಸ್ಕೀ ಹಿಂದಕ್ಕೆ ಜಾರುತ್ತದೆ. ಮೊಹೇರ್ ಸ್ಕಿನ್ ತಗೊಳ್ಳಲಾ, ನೈಲಾನಾ?

ಬಾಡಿಗೆ ಸ್ಕಿನ್ (ಹಿಮದ ಏರಿನಲ್ಲಿ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಕೂದಲಿನ ಪಟ್ಟಿ) ಹಾಕಿಕೊಂಡು ಎರಡು ಸಲ ಹೋಗಿದ್ದೀರಿ, ಜಾರಿದ್ದೀರಿ, ಈಗ ಹೊಸದು ಕೊಳ್ಳಬೇಕು ಅಂತೀರಿ. ಆರು ವರ್ಷದ ಹಿಂದೆ ಸಿಯಾಟಲ್‌ನಲ್ಲಿ ನಾನೂ ಇದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ಅಲೆದಿದ್ದೆ. ಮೊಹೇರೇ, ಅಂದರೆ ಅಂಗೋರಾ ಮೇಕೆಯ ಕೂದಲಿನದೇ, ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟು ತಂದೆ. ಅದು ಮೌಂಟ್ ರೈನಿಯರ್ ಹತ್ತುವಾಗ ನಡುದಾರಿಯಲ್ಲಿ ಕಳಚಿಬಂತು. ಕೂದಲಿನ ತಪ್ಪಲ್ಲ, ನನ್ನ ತಪ್ಪು.

ಏಪ್ರಿಲ್ ತಿಂಗಳು. ಶನಿವಾರ ಕಾರು ಹೋಗುವ ಪ್ಯಾರಡೈಸ್ ಸುತ್ತಮುತ್ತ ಅಭ್ಯಾಸ, ಭಾನುವಾರ ಬೆಟ್ಟದ ಮೇಲಿನ ಬಿಡಾರ ಕ್ಯಾಂಪ್ ಮ್ಯೂರ್‌ಗೆ. ಪ್ಯಾರಡೈಸ್ ಸುಮಾರು 1,650 ಮೀಟರ್ ಎತ್ತರದಲ್ಲಿದೆ, ಮ್ಯೂರ್ 3,100ರ ಹತ್ತಿರ. ಜೊತೆಗಿದ್ದ ಗೆಳೆಯ ಮುಂದಿನ ವಾರ ಬೆಂಗಳೂರಿಗೆ ಖಾಯಂ ವಾಪಸ್ ಹೊರಟಿದ್ದ. ಅವನಿಗೆ ಉಳಿದಿದ್ದು ಅದೊಂದೇ ಭಾನುವಾರ.

ಶನಿವಾರ ಹಿಮ ನೀರುನೀರಾಗಿತ್ತು. ಸಂಜೆ ಸ್ಕಿನ್ ಕಿತ್ತು, ಮಡಚಿ, ಹಾಗೇ ಕಾರಿನ ಡಿಕ್ಕಿಯಲ್ಲಿಟ್ಟು ಮಲಗಿಬಿಟ್ಟೆ. ಕೆಟ್ಟಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಕಿನ್‌ನ ಒಂದು ಮೈಗೆ ಹಿಂದಕ್ಕೆ ಬಾಗಿದ ಕೂದಲು. ಕರುವಿನ ಬೆನ್ನನ್ನು ಬಾಲದ ಕಡೆಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಒರಟು ಅಲ್ವಾ, ಹಾಗೆ. ಇನ್ನೊಂದು ಮೈಗೆ ಅಂಟು. ಎಷ್ಟು ಸಲ ಕಿತ್ತರೂ ಮತ್ತೆ ಹಿಡಿಯುವ ಅಂಟು ಅದು, ಆದರೆ ನಡುವೆ ನೀರಿನ ಪಸೆ ಇದ್ದರೆ ಹಿಡಿಯುವುದಿಲ್ಲ. ರಾತ್ರಿ ಆ ಪಸೆ ಹೆಪ್ಪುಗಟ್ಟಿತು. ಬೆಳಿಗ್ಗೆ ಸ್ಕಿನ್ ಸೆಟೆದುಕೊಂಡಿತ್ತು. ಒತ್ತಿದೆ, ಅಂಟಿತು, ಸಾಕು ಅಂದುಕೊಂಡೆ. ಅಂಟಿದ್ದು ಅಲ್ಲಲ್ಲಿ ಮಾತ್ರ. ಹೆಜ್ಜೆ ಇಟ್ಟಾಗಲೆಲ್ಲ ಸಂದಿಯೊಳಗೆ ಹಿಮದ ಪುಡಿ ನುಗ್ಗಿತು, ನುಗ್ಗಿದಷ್ಟೂ ಸಂದಿ ಅಗಲವಾಯಿತು. ಪನೋರಮಾ ಪಾಯಿಂಟ್ ಕೆಳಗಿನ ಕಡಿದಾದ ಏರಿನಲ್ಲಿ ಹಿಂದಿನ ಕ್ಲಿಪ್ ಕಳಚಿ ಎಡಗಾಲಿನ ಸ್ಕಿನ್ ಪೂರ್ತಿ ಸುಲಿದುಬಂತು. ಕಾಲಡಿ ಕಲ್ಲಿನಂಥ ಹಿಮ. ಬಿಗಿದು ಕಟ್ಟಲು ಒಂದು ಸ್ಟ್ರಾಪ್ ಕೂಡ ಇರಲಿಲ್ಲ.

ಇಬ್ಬರೂ ಅಲ್ಲಿಂದಲೇ ವಾಪಸ್. ಗೆಳೆಯ ಏನೂ ಅನ್ನಲಿಲ್ಲ. ಪಾರ್ಕಿಂಗ್‌ಗೆ ಬಂದಮೇಲೂ ಬೆಟ್ಟ ನೋಡುತ್ತಾ ನಿಂತಿದ್ದ. ಇವತ್ತಿಗೂ ನನಗೆ ನೋವಾಗುತ್ತದೆ.

ಹಾಗಾಗಿ ಯಾವ ಕೂದಲು ಅನ್ನೋದು ಮೊದಲ ಪ್ರಶ್ನೆಯೇ ಅಲ್ಲ. ಮೊಹೇರ್ ಮುಂದಕ್ಕೆ ಸಲೀಸಾಗಿ ಜಾರುತ್ತದೆ, ನೈಲಾನ್ ಚೆನ್ನಾಗಿ ಹಿಡಿಯುತ್ತದೆ, ಬಾಳಿಕೆಯೂ ಜಾಸ್ತಿ. ಕಲಿಯುವಾಗ ಸುಮ್ನೆ ನೈಲಾನ್ ತಗೊಳ್ಳಿ. ಆದರೆ ನೀವು ಜಾರುತ್ತಿರುವುದು ಸ್ಕಿನ್‌ನಿಂದ ಅಂತ ನನಗೆ ಅನ್ನಿಸುವುದಿಲ್ಲ. ಏರು ಕಡಿದಾದ ತಕ್ಷಣ ಹೊಸಬರು ಮುಂದಕ್ಕೆ ಬಾಗುತ್ತಾರೆ. ಭಾರ ಬೆರಳಿಗೆ ಹೋಗುತ್ತದೆ, ಕಾಲಡಿಯ ಕೂದಲು ಹಿಮಕ್ಕೆ ಒತ್ತುವುದಿಲ್ಲ. ನೆಟ್ಟಗೆ ನಿಂತು ಹಿಮ್ಮಡಿಗೆ ಭಾರ ಕೊಡಿ. ಸ್ಕೀ ಎತ್ತಬೇಡಿ, ಜಾರಿಸಿಕೊಂಡು ಹೋಗಿ. ಆದರೂ ಜಾರಿದರೆ ನೇರ ಹತ್ತಬೇಡಿ, ಅಡ್ಡಡ್ಡ ಹತ್ತಿ.

ಉಳಿದ ದುಡ್ಡನ್ನು ಹಿಮಕುಸಿತದ ತರಬೇತಿಗೆ ಹಾಕಿ. 30 ಡಿಗ್ರಿ ದಾಟಿದ ಇಳಿಜಾರುಗಳು ಕುಸಿಯಬಲ್ಲವು, ಮನಸ್ಸು ಎಳೆಯುವುದೂ ಅಲ್ಲಿಗೇ.

ರಾತ್ರಿ ಸ್ಕಿನ್ ಬಿಡಿಸಿ ಕೋಣೆಯೊಳಗೆ ನೇತುಹಾಕಿ. ಹೀಟರ್ ಹತ್ತಿರ ಬೇಡ, ಅಂಟು ಕರಗುತ್ತದೆ. ಬೆಟ್ಟದಲ್ಲಿ ಕಿತ್ತಾಗ ಜಾಕೆಟ್ ಒಳಗಿಟ್ಟುಕೊಳ್ಳಿ, ಮೈಬಿಸಿ ತಾಗಲಿ. ಜೇಬಿನಲ್ಲಿ ಎರಡು ಸ್ಟ್ರಾಪ್ ಇರಲಿ.